ಹಸು ಹತ್ತದ ಸಂಕ

ನಾನು ಕಟ್ಟಿದ ಕಾಲುಸಂಕಕ್ಕೆ ಪೂಜೆ ಮಾಡಿದ ದಿನ ಊರಿನವರೆಲ್ಲ ಅದರ ಪಕ್ಕದಲ್ಲೇ ನೀರಿಗಿಳಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಳ್ಳ ದಾಟಿದರು. ಸಂಕ ಹೂವಿನ ಹಾರ ಹಾಕಿಕೊಂಡು ಖಾಲಿ ನಿಂತಿತ್ತು. ಅದರ ಈಚೆ ತುದಿಯಲ್ಲಿ ನಾನು, ಒಡೆದ ತೆಂಗಿನಕಾಯಿಯ ಎರಡು ಹೋಳು ಹಿಡಿದುಕೊಂಡು ನಿಂತಿದ್ದೆ.

ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಣಕಲ್ಲಿನ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತೆ, ಆಮೇಲೆ ಕಳಸದಲ್ಲಿ ಸ್ವಂತ ಶೆಡ್ಡು ಹಾಕಿದೆ. ಇವತ್ತು ಈ ಸುತ್ತಿನ ಎಸ್ಟೇಟುಗಳಲ್ಲಿ ನಾನು ಮಾಡಿದ ಗೇಟು, ನಾನು ರಿಪೇರಿ ಮಾಡಿದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ನಾನು ಎಬ್ಬಿಸಿದ ಗೋಡೌನಿನ ಮಾಡು ಇಲ್ಲದ ಜಾಗ ಕಡಿಮೆ. ಜಂಬ ಎಂದರೆ ಜಂಬವೇ ಇರಲಿ. ಕಾಗದದ ಮೇಲೆ ಗೆರೆ ಎಳೆಯಲು ನನಗೆ ಬಾರದು. ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಬರೆಯುತ್ತೇನೆ. ಬರೆದದ್ದು ಇಲ್ಲಿಯವರೆಗೆ ಬಿದ್ದಿಲ್ಲ.

ಸಂಸೆಯಿಂದ ಮುಂದೆ ಒಂದು ಹಳ್ಳ ಇದೆ. ಆಚೆ ದಂಡೆಯಲ್ಲಿ ಒಂಬತ್ತು ಮನೆ. ಈಚೆ ದಂಡೆಯಲ್ಲಿ ಗೌಡರ ಕಾಫಿ ತೋಟ. ಆಚೆ ಮನೆಯ ಹೆಂಗಸರೆಲ್ಲ ಈಚೆ ತೋಟಕ್ಕೆ ಕೆಲಸಕ್ಕೆ ಬರುವವರು. ಬೇಸಿಗೆಯಲ್ಲಿ ನೀರು ಪಾದ ಮುಚ್ಚುವಷ್ಟು, ಮಳೆಗಾಲದಲ್ಲಿ ಆಳು ಮುಳುಗುವಷ್ಟು. ಪ್ರತಿ ವರ್ಷ ಅಡಿಕೆ ಮರ ಕಡಿದು ಸಂಕ ಹಾಕುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಬೇರು ಸಮೇತ ತೇಲಿ ಬಂದ ಮರವೊಂದು ಅದಕ್ಕೆ ಸಿಕ್ಕಿ, ಸಂಕವನ್ನೂ ಎಳೆದುಕೊಂಡು ಹೋಯಿತು. ಆ ಸಲ ಆಚೆಯವರು ಜೀಪಿನ ರಸ್ತೆ ಸುತ್ತಿಕೊಂಡು ಬರಬೇಕಾಯಿತು, ಬೆಳಿಗ್ಗೆ ಹೊರಟರೆ ಕೆಲಸದ ಹೊತ್ತು ಮೀರುವಷ್ಟು ದೂರ.

ಗೌಡರು ಹಳೆಯ ಸ್ಪ್ರಿಂಕ್ಲರ್ ಪೈಪುಗಳನ್ನು ತೋರಿಸಿ, ಇದರಲ್ಲಿ ಒಂದು ಸಂಕ ಮಾಡಿಕೊಡು ಮಾರಾಯ, ಕೊಚ್ಚಿ ಹೋಗಬಾರದು ಅಷ್ಟೇ ಎಂದರು. ಹೇಗಿರಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಎರಡು ದಿನ ಹಳ್ಳದ ಬದಿಯಲ್ಲಿ ಕೂತು ನೋಡಿದೆ. ನೀರಿನ ಮಧ್ಯೆ ಒಂದು ಬಂಡೆ ಇತ್ತು, ಮಲಗಿದ ಎಮ್ಮೆಯಷ್ಟು ದೊಡ್ಡದು. ಯಾವ ಪ್ರವಾಹಕ್ಕೂ ಅಲುಗಾಡದ್ದು ಆ ಹಳ್ಳದಲ್ಲಿ ಅದೊಂದೇ. ಆದರೆ ಅದು ದಾರಿಯ ನೇರಕ್ಕಿರಲಿಲ್ಲ, ಮೇಲುಗಡೆಗೆ ಸರಿದಿತ್ತು. ಹಾಗಾಗಿ ನನ್ನ ಸಂಕ ಈಚೆಯಿಂದ ಓರೆಯಾಗಿ ಬಂಡೆಗೆ ಹೋಗಿ, ಅಲ್ಲಿ ಮೊಣಕೈಯಂತೆ ತಿರುಗಿ, ಆಚೆ ದಂಡೆಗೆ ಇಳಿಯಿತು. ಹೆಂಗಸರು ಸೊಪ್ಪಿನ ಹೊರೆ ಹೊತ್ತು ಬರುತ್ತಾರೆ, ಹೊರೆ ಎರಡು ಮೊಳ ಅಗಲ. ನೆಟ್ಟಗೆ ರೇಲಿಂಗ್ ಹಾಕಿದರೆ ಹೊರೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎರಡೂ ರೇಲಿಂಗುಗಳನ್ನು ಹೊರಕ್ಕೆ ವಾಲಿಸಿದೆ, ಕೆಳಗೆ ಕಿರಿದು, ಮೇಲೆ ಅಗಲ. ನೆಲಕ್ಕೆ ಹಲಗೆ ಹಾಕಲಿಲ್ಲ. ಹಲಗೆಗೆ ಪಾಚಿ ಹಿಡಿಯುತ್ತದೆ, ಮೇಲೆ ಬಂದ ನೀರು ಅದನ್ನು ದೂಡುತ್ತದೆ. ಪೈಪುಗಳನ್ನೇ ಅಡ್ಡಡ್ಡ ಜೋಡಿಸಿ, ನಡುವೆ ಎರಡು ಬೆರಳು ಸಂದು ಬಿಟ್ಟೆ. ನೀರು ಬಂದರೆ ಸಂದಿಯಲ್ಲಿ ಹೋಗಲಿ, ಜಗಳ ಬೇಡ ಎಂದು.

ಪೂಜೆಯ ದಿನ ಊರಿನ ಹಿರಿಯರು ಒಂದು ಮಾತು ಹೇಳಿದರು. ಹೊಸ ಮನೆಗೆ ಮೊದಲು ಹಸು ಹೊಗಿಸುವುದಿಲ್ಲವೇ, ಹಾಗೆ ಸಂಕಕ್ಕೂ ಮೊದಲು ಹಸು ಹತ್ತಲಿ ಎಂದು. ಅದು ಸರಿಯೆಂದೇ ನನಗೂ ಅನ್ನಿಸಿತು. ಆಚೆ ದಂಡೆಯ ಮೊದಲ ಮನೆಯ ಅಮ್ಮ, ಹಳೆಯ ಕೆಲಸಗಾತಿ, ಗಟ್ಟಿ ಗಂಟಲಿನವರು, ತಮ್ಮ ಗಿಡ್ಡ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ಈಚೆ ದಂಡೆಗೆ ಕರೆತಂದರು.

ಹಸು ಸಂಕದ ಬಾಯಿಗೆ ಬಂತು. ತಲೆ ತಗ್ಗಿಸಿ ಪೈಪು ಮೂಸಿತು. ಒಂದು ಕಾಲು ಎತ್ತಿತು, ಹಾಗೇ ಇಳಿಸಿತು. ಹಿಂದಿನಿಂದ ದೂಡಿದರು, ಮುಂದಿನಿಂದ ಬಾಳೆಹಣ್ಣು ತೋರಿಸಿದರು. ಅದು ಹಗ್ಗ ಕಿತ್ತುಕೊಂಡು ಬದಿಯಲ್ಲಿ ಇಳಿದು, ನೀರಿನಲ್ಲಿ ನಿಧಾನವಾಗಿ ನಡೆದು, ಆಚೆ ದಂಡೆ ಹತ್ತಿ, ಮನೆಯ ದಾರಿ ಹಿಡಿಯಿತು. ಜನ ಒಬ್ಬೊಬ್ಬರೇ ಚಪ್ಪಲಿ ಬಿಚ್ಚಿ, ಹಸು ಹೋದ ದಾರಿಯಲ್ಲೇ ಹೋದರು.

ಗೋವು ಹತ್ತದಲ್ಲಿ ಮನುಷ್ಯ ಹತ್ತಬಾರದು. ಸಂಜೆಯೊಳಗೆ ಒಂಬತ್ತು ಮನೆಯಲ್ಲೂ ಅದೇ ತೀರ್ಮಾನವಾಗಿತ್ತು.

ಗೌಡರು ಕೆಟ್ಟವರಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಮಳೆಗೆ ಇನ್ನು ಮೂರು ವಾರ ಇದೆ ಮಾರಾಯ. ಬರೋ ಭಾನುವಾರದವರೆಗೆ ನೋಡುವ. ಜನ ಹತ್ಲಿಲ್ಲ ಅಂದ್ರೆ ನೀನೇ ಕತ್ತರಿಸಿ ತೆಗಿ. ನಾನು ಅಡಿಕೆ ಮರ ಕಡಿಸಿ ಹಾಕಿಸ್ತೇನೆ."

ಆಯಿತು ಎಂದೆ. ಬೇರೆ ಯಾರೋ ಬಂದು ಕತ್ತರಿಸುವುದಕ್ಕಿಂತ ಅದು ಮೇಲು. ಆದರೆ ಮೂವತ್ತು ವರ್ಷದಲ್ಲಿ ನಾನು ಬೆಸೆದದ್ದನ್ನು ನಾನೇ ಕತ್ತರಿಸಿದ್ದಿಲ್ಲ.

ಸೋಮವಾರದಿಂದ ಶೆಡ್ಡಿಗೆ ಬಾಗಿಲು ಹಾಕಿ ಹಳ್ಳದ ಬದಿಯಲ್ಲಿ ಕೂತೆ. ಮೊದಲ ದಿನ ಸಿಟ್ಟಿನಿಂದ ಕೂತಿದ್ದೆ. ಎರಡನೇ ದಿನದ ಹೊತ್ತಿಗೆ ಸಿಟ್ಟಿನ ಜಾಗದಲ್ಲಿ ಬೇರೆ ಏನೋ ಬಂದಿತ್ತು. ಜನಕ್ಕೆ ಒಂದು ವಸ್ತು ಯಾಕೆ ಬೇಡವಾಗುತ್ತದೆ? ಗೇಟು ಮಾಡಿದರೆ ಯಾರೂ ಅಭಿಪ್ರಾಯ ಹೇಳುವುದಿಲ್ಲ, ಮುಚ್ಚಿದರೆ ಮುಚ್ಚಬೇಕು, ತೆರೆದರೆ ತೆರೆಯಬೇಕು, ಅಷ್ಟೇ. ಸಂಕಕ್ಕೆ ಮಾತ್ರ ಎಲ್ಲರಿಗೂ ಒಂದೊಂದು ಮಾತಿತ್ತು. ನೀರಿನಲ್ಲಿ ದಾಟಿ ಬಂದವರನ್ನು ನಿಲ್ಲಿಸಿ ಕೇಳುತ್ತಾ ಹೋದೆ.

ಕೆಲವರು ಇದು ಕುಡಿದು ಮನೆಗೆ ಹೋಗುವವನ ದಾರಿಯ ಹಾಗಿದೆ ಎಂದರು. ಒಬ್ಬಾಕೆ ವಾಲಿದ ರೇಲಿಂಗ್ ನೋಡಿ, ಇದು ಸಂಕವಲ್ಲ, ದನಕ್ಕೆ ಹುಲ್ಲು ಹಾಕುವ ಗೋದಲಿ ಎಂದಳು. ಆ ಮಾತು ಊರಿಡೀ ಹಿಡಿಯಿತು. ಮಾರನೆಯ ದಿನ ಯಾರೋ ನಿಜವಾಗಿಯೂ ಒಂದು ಹಿಡಿ ಹುಲ್ಲು ತಂದು ಅದರೊಳಗೆ ಹಾಕಿದ್ದರು. ನಾನು ತೆಗೆದು ಹಳ್ಳಕ್ಕೆ ಬಿಟ್ಟೆ. ನಗು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು ರೈಟರು. ದೊಡ್ಡ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತರಾಗಿ, ಈಗ ಆಚೆ ದಂಡೆಯಲ್ಲಿ ಮಗಳ ಮನೆಯಲ್ಲಿರುವವರು. ದಿನಾ ಬೆಳಿಗ್ಗೆ ಊರುಗೋಲು ಹಿಡಿದು ಆಚೆ ತುದಿಗೆ ಬರುವರು. ಸಂಕದ ಮುಂದೆ ನಿಂತು, ಹಳ್ಳದ ಆ ಕಡೆಯಿಂದ ನನಗೆ ಪಾಠ ಹೇಳುವರು. ಕುದುರೆಮುಖದಲ್ಲಿ ಅದಿರಿನ ಕಂಪನಿ ನಡೆಯುತ್ತಿದ್ದಾಗ ಅವರು ನೋಡಿದ ಸೇತುವೆಗಳೆಲ್ಲ ದಾರ ಹಿಡಿದ ಹಾಗೆ ನೇರ ಇದ್ದವಂತೆ. ಓದಿದ ಎಂಜಿನಿಯರು ಯಾರೂ ಸೇತುವೆಯನ್ನು ಬಗ್ಗಿಸುವುದಿಲ್ಲವಂತೆ. ಶಾಲೆಯ ಮಾತು ಬಂದಾಗ ನನಗೆ ಚುಚ್ಚಿತು. ನಾನೂ ದನಿ ಏರಿಸಿ, ಹಳ್ಳವೇ ನೇರ ಇಲ್ಲ, ಅದನ್ನು ಯಾವ ಎಂಜಿನಿಯರು ಬಗ್ಗಿಸಿದ ಎಂದು ಕೇಳಿದೆ. ಅವರು ತಿರುಗಿ ಹೋದರು.

ಬುಧವಾರ ಸಂಜೆ, ಹಸು ಕರೆತಂದಿದ್ದ ಅಮ್ಮ ತೋಟದ ಕೆಲಸ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತರು. ಎಲೆ ಅಡಿಕೆಯ ಸಂಚಿ ಬಿಚ್ಚಿದರು. ಪೂಜೆಯ ದಿನದಿಂದ ಅವರು ನನ್ನ ಮುಖ ನೋಡಿರಲಿಲ್ಲ. ಅವರಿಗೂ ಸಂಕಟವಾಗಿತ್ತು, ಅಪಶಕುನ ತಂದ ಹಸು ಎಂದು ಯಾರೋ ಅಂದಿದ್ದರು.

"ಒಂದು ಕೇಳ್ತೇನೆ ಮೇಸ್ತ್ರಿ," ಅಂದರು. "ಗೌಡ್ರ ತೋಟದ ಗೇಟಲ್ಲಿ ಹೊಂಡದ ಮೇಲೆ ಪೈಪು ಹಾಕಿದ್ದಾರಲ್ಲ, ದನ ಒಳಗೆ ಬರಬಾರ್ದು ಅಂತ. ಅದನ್ನು ಮಾಡಿದ್ದು ಯಾರು?"

"ನಾನೇ."

"ಪಕ್ಕದ ತೋಟದ್ದು?"

"ಅದೂ ನಾನೇ."

ಅವರು ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕರು. "ಈಗ ಬರುವಾಗ ನಮ್ಮ ದನ ಆ ಗೇಟಿನ ಎದುರು ನಿಂತಿತ್ತು. ಮೂಸಿತು, ಒಂದು ಕಾಲೆತ್ತಿತು, ಇಳಿಸಿತು. ಅವತ್ತು ಮಾಡಿದ ಹಾಗೇ. ಇಷ್ಟು ವರ್ಷ ಪೈಪು ಕಂಡ್ರೆ ಕಾಲಿಡಬೇಡ ಅಂತ ಕಲಿಸಿದವರು ನೀವು. ಈಗ ಪೈಪಿನ ಮೇಲೆ ನಡಿ ಅಂತ ಬಾಳೆಹಣ್ಣು ತೋರಿಸ್ತೀರಿ. ದಡ್ಡಿ ನನ್ನ ದನವಾ?"

ನಾನು ಎದ್ದು ನಿಂತೆ. ಸಂಕದ ನೆಲ ನೋಡಿದೆ. ಗೇಟಿನಲ್ಲಿ ಸಂದು ನಾಲ್ಕು ಬೆರಳು, ಇಲ್ಲಿ ಎರಡು ಬೆರಳು. ಹಸುವಿಗೆ ಆ ವ್ಯತ್ಯಾಸ ಯಾರು ಹೇಳಬೇಕಿತ್ತು? ಇಪ್ಪತ್ತೋ ಮೂವತ್ತೋ ಗೇಟಿಗೆ ಇದೇ ಕೈಯಲ್ಲಿ ಪೈಪು ಕೂರಿಸಿದವನು, ಅದೇ ಪೈಪಿನ ಮುಂದೆ ಕುಂಕುಮ ಹಚ್ಚಿದ ಹಸುವನ್ನು ನಿಲ್ಲಿಸಿಕೊಂಡು ಕೈಮುಗಿದಿದ್ದೆ. ನನಗೆ ಹೊಳೆಯಲಿಲ್ಲ, ಗೌಡರಿಗೆ ಹೊಳೆಯಲಿಲ್ಲ, ದಿನಾ ಆ ಗೇಟು ದಾಟುವ ಯಾರಿಗೂ ಹೊಳೆಯಲಿಲ್ಲ.

ಅಮ್ಮ ಆವತ್ತು ಸಂಕದ ಮೇಲೆಯೇ ಮನೆಗೆ ಹೋದರು. ಗಟ್ಟಿ ಗಂಟಲಾದ್ದರಿಂದ ವಿಷಯ ಒಂಬತ್ತು ಮನೆಗೂ ಅದೇ ಸಂಜೆ ತಲುಪಿತು. ಗುರುವಾರ ಏಳೆಂಟು ಜನ ಹತ್ತಿದರು. ಸಂಕ ದಾಟಿ ನಮ್ಮ ಗದ್ದೆಗೆ ಬೀಡಾಡಿ ದನ ನುಗ್ಗುವುದಿಲ್ಲ, ಅದೂ ಒಳ್ಳೆಯದೇ ಎಂದು ಒಬ್ಬರು ಲಾಭ ಕಂಡುಕೊಂಡರು. ಆದರೆ ಉಳಿದವರು ಇನ್ನೂ ನೀರಿನಲ್ಲೇ ಹೋಗುತ್ತಿದ್ದರು. ರೈಟರು ಹತ್ತಲಿ, ಆಮೇಲೆ ನೋಡುವ ಎನ್ನುತ್ತಿದ್ದರು. ಆಚೆ ದಂಡೆಯಲ್ಲಿ ಪಂಚಾಯ್ತಿಯ ಅರ್ಜಿ ಬರೆಯುವುದಕ್ಕೂ, ಮದುವೆಗೆ ಗಂಡು ನೋಡುವುದಕ್ಕೂ ರೈಟರ ಮಾತೇ ಕೊನೆಯ ಮಾತು.

ಬಾಯಿಯ ಮಾತು ಕೇಳಿ ಸಾಕಾಗಿ, ಆ ದಿನದಿಂದ ನಾನು ಕಾಲುಗಳನ್ನು ನೋಡಲು ಶುರು ಮಾಡಿದೆ. ನೇರ ಇಲ್ಲ ಎಂದು ಬೈದವರು ತಿರುವಿನಲ್ಲಿ ಸಲೀಸಾಗಿ ತಿರುಗುತ್ತಿದ್ದರು. ಗೋದಲಿ ಎಂದವಳು ಆ ರೇಲಿಂಗಿಗೇ ಒರಗಿ ನಿಂತು ಇನ್ನೊಬ್ಬಳ ಹತ್ತಿರ ಮಾತಾಡುತ್ತಿದ್ದಳು. ಎಲ್ಲರೂ ಬಂಡೆಯ ಮೇಲೆ ಒಂದು ಗಳಿಗೆ ನಿಂತು ಕೆಳಗೆ ನೋಡುತ್ತಿದ್ದರು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ.

ಶುಕ್ರವಾರ ಆಚೆ ತುದಿಗೆ ಹೋಗಿ ಬೆಸುಗೆ ಪರೀಕ್ಷೆ ಮಾಡುತ್ತಿದ್ದೆ. ಮೂರನೆಯ ಮತ್ತು ನಾಲ್ಕನೆಯ ಪೈಪಿನ ನಡುವೆ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ತೆಗೆದೆ. ಊರುಗೋಲಿನ ತುದಿಗೆ ಹಾಕುವ ರಬ್ಬರು.

ಆಚೆ ದಂಡೆಯಲ್ಲಿ ಊರುಗೋಲು ಹಿಡಿಯುವವರು ಒಬ್ಬರೇ. ರೈಟರು ಯಾವಾಗಲೋ, ಯಾರೂ ಇಲ್ಲದಾಗ, ಹತ್ತಿ ನೋಡಿದ್ದರು. ಎರಡು ಹೆಜ್ಜೆಗೆ ಕೋಲು ಸಂದಿಯಲ್ಲಿ ಇಳಿದಿತ್ತು. ಬಿದ್ದರೋ, ಬೀಳುವುದು ತಪ್ಪಿತೋ, ಗೊತ್ತಿಲ್ಲ. ಕೋಲಿಲ್ಲದೆ ನಡೆಯಲಾಗುವುದಿಲ್ಲ ಎಂದು ಎಲ್ಲರ ಎದುರು ಹೇಳಲು ಅವರಿಗಾಗಲಿಲ್ಲ, ಅದಕ್ಕೆ ಕುದುರೆಮುಖದ ಸೇತುವೆಗಳನ್ನು ತಂದು ನಿಲ್ಲಿಸಿದ್ದರು. ಆ ಬಗೆಯ ಹೆಮ್ಮೆ ನನಗೆ ಗೊತ್ತಿರುವುದೇ. ಅಕ್ಷರ ತಪ್ಪುತ್ತದೆ ಎಂದು ಹೇಳಲಾಗದೆ, ಕನ್ನಡಕ ತಂದಿಲ್ಲ ಎಂದು ಹೇಳಿ ಫಾರಂ ವಾಪಸು ಕೊಟ್ಟವನು ನಾನು.

ಹೊರೆಯ ಅಗಲ ಅಳೆದಿದ್ದೆ, ಪಾದ ಅಳೆದಿದ್ದೆ, ಪ್ರವಾಹ ಅಳೆದಿದ್ದೆ. ಕೋಲಿನ ತುದಿ ಅಳೆದಿರಲಿಲ್ಲ.

ಶನಿವಾರ ಗೌಡರ ಪಂಪ್‌ಹೌಸಿನಿಂದ ಕರೆಂಟು ಎಳೆದು, ಜಾರದ ಹಾಗೆ ಗೀರು ಇರುವ ಕಬ್ಬಿಣದ ತಗಡನ್ನು ಒಂದು ಗೇಣು ಅಗಲಕ್ಕೆ ಪಟ್ಟಿ ಮಾಡಿ, ಸಂಕದ ಒಂದು ಬದಿಗೆ ಈ ತುದಿಯಿಂದ ಆ ತುದಿಯವರೆಗೆ ಬೆಸೆದೆ. ಆಚೆಯಿಂದ ಬರುವಾಗ ಅದು ಬಲಗೈಯ ಬದಿ. ರೈಟರು ಕೋಲು ಹಿಡಿಯುವುದು ಬಲಗೈಯಲ್ಲಿ. ಇದೆಂಥದು ಎಂದು ಕೇಳಿದವರಿಗೆ ಸಂಕಕ್ಕೆ ಬಲ ಬರಲಿ ಎಂದೆ. ಮುಗಿದ ಮೇಲೆ ಆಚೆ ತುದಿಯ ರೇಲಿಂಗಿನ ಕೊನೆಗೆ ಆ ರಬ್ಬರನ್ನು ಮುಚ್ಚಳದ ಹಾಗೆ ಸಿಕ್ಕಿಸಿ ಬಂದೆ.

ಭಾನುವಾರ ಬೆಳಿಗ್ಗೆ ಮಾತು ಕೊಟ್ಟ ಹಾಗೆ ಗ್ಯಾಸ್ ಕಟರ್ ಮತ್ತು ಸಿಲಿಂಡರು ಹಾಕಿಕೊಂಡು ಜೀಪಿನಲ್ಲಿ ಬಂದೆ. ಗೌಡರು ಬಂದಿದ್ದರು. ಎರಡೂ ದಂಡೆಯಲ್ಲಿ ಜನ ಸೇರಿದ್ದರು. ಅಮ್ಮ ಆಚೆಯಿಂದ ಸೊಪ್ಪಿನ ಹೊರೆ ಹೊತ್ತು ಹೊರಟು, ಯಾವ ರೇಲಿಂಗಿಗೂ ತಾಗಿಸದೆ ಬಂದು, ಬಂಡೆಯ ಮೇಲೆ ಹೊರೆ ಇಳಿಸಿ ದಮ್ಮು ತೆಗೆದುಕೊಂಡರು. ಅದು ಅವರು ಬೇಕೆಂದೇ ಮಾಡಿದ್ದು ಎಂದು ನನಗೆ ಗೊತ್ತು. ಭಾನುವಾರ ಯಾರಿಗೂ ಸೊಪ್ಪು ಬೇಕಿರಲಿಲ್ಲ.

ಅವರ ಹಿಂದೆ ರೈಟರು ಆಚೆ ತುದಿಗೆ ಬಂದರು. ಸಂಕ ನೋಡಿದರು. ಕೋಲಿನಿಂದ ತಗಡಿನ ಪಟ್ಟಿಯನ್ನು ಎರಡು ಸಲ ಕುಟ್ಟಿದರು. ರೇಲಿಂಗಿನ ಕೊನೆಯಲ್ಲಿದ್ದ ರಬ್ಬರು ಕಂಡಿತು. ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಸಿಲಿಂಡರಿನ ವಾಲ್ವ್ ನೋಡುತ್ತಿದ್ದೆ. ಅವರು ರಬ್ಬರನ್ನು ಕಿತ್ತು, ಕೋಲಿಗೆ ಹಾಕಿ ಒತ್ತಿ, ಪಟ್ಟಿಯ ಮೇಲೆ ಕೋಲೂರುತ್ತಾ ಹೊರಟರು. ಬಂಡೆಯವರೆಗೆ ಬಂದು, ತಿರುಗಿ, ಈಚೆ ತುದಿಯಲ್ಲಿ ನನ್ನ ಎದುರು ನಿಂತರು.

"ವಕ್ರ ವಕ್ರವೇ," ಎಂದರು. "ನಾನು ಹೇಳಿದ್ದು ಬದಲಾಗಿಲ್ಲ."

"ಬದಲಾಗಬೇಕಾಗಿಲ್ಲ ರೈಟ್ರೇ," ಎಂದೆ. "ವಾಪಸು ಹೋಗುವಾಗ ಪಟ್ಟಿ ಎಡಕ್ಕೆ ಸಿಗ್ತದೆ. ಕೈ ಬದಲಿಸ್ಬೇಕು."

ಅವರು ಕೋಲನ್ನು ಎಡಗೈಗೆ ತೆಗೆದುಕೊಂಡು ನೋಡಿದರು. "ಇನ್ನೊಂದು ಬದಿಗೂ ಹಾಕು. ಸಂಕಕ್ಕೆ ಬಲ ಬರ್ತದೆ."

ಗೌಡರು ಸಂಕ ಹತ್ತಿ ಬಂಡೆಯವರೆಗೆ ಹೋದರು. ಅಲ್ಲಿ ನಿಂತು, ಎಲ್ಲರ ಹಾಗೆ ಕೆಳಗೆ ನೋಡಿದರು. ನಾನು ಜೀಪಿನಿಂದ ಉಳಿದ ತಗಡನ್ನು ಇಳಿಸಿದೆ. ಗ್ಯಾಸ್ ಕಟರಿಗೆ ಆ ದಿನ ಸಿಕ್ಕ ಕೆಲಸ ಪಟ್ಟಿಯ ಮೂಲೆ ಸವರಿದ್ದು ಮಾತ್ರ.

ಆ ಮಳೆಗಾಲದಲ್ಲಿ ಎರಡು ಸಲ ನೀರು ಸಂಕದ ಮೇಲೆ ಹರಿಯಿತು. ಸಂದಿಯಲ್ಲಿ ಬಂತು, ಸಂದಿಯಲ್ಲಿ ಹೋಯಿತು. ಈಗಲೂ ಗೋದಲಿ ಎಂದೇ ಕರೆಯುತ್ತಾರೆ, ನನಗೆ ಅಭ್ಯಾಸವಾಗಿದೆ. ಅಮ್ಮನ ಹಸು ಇವತ್ತಿಗೂ ಹತ್ತಿಲ್ಲ. ಅವರು ಸಂಕದ ಮೇಲೆ ಬಂದರೆ ಅದು ಆಚೆ ದಂಡೆಯಲ್ಲಿ ನಿಂತು, ಒಂದು ಕಾಲು ಎತ್ತಿ, ಇಳಿಸಿ, ಅವರು ವಾಪಸು ಬರುವವರೆಗೆ ಅಲ್ಲೇ ಹುಲ್ಲು ಮೇಯುತ್ತದೆ.