ಸಿಸ್ಟರ್ ಅಳಲಿಲ್ಲ

೧೯೮೩ರ ಬೇಸಿಗೆ. ಆಗ ನಾವು ದೇವದುರ್ಗದಲ್ಲಿದ್ದೆವು. ಮುಂದಿನ ಕೋಣೆಯನ್ನು ದವಾಖಾನೆಯ ನರ್ಸ್ ಏಲಿಯಮ್ಮನಿಗೆ ಬಾಡಿಗೆ ಕೊಟ್ಟಿದ್ದೆವು. ಕೇರಳದವಳು. ಎರಡು ವರ್ಷದಲ್ಲಿ ಒಮ್ಮೆಯೂ ಊರಿಗೆ ಹೋಗಿರಲಿಲ್ಲ, ಊರಿನ ಮಾತೂ ಎತ್ತುತ್ತಿರಲಿಲ್ಲ. ಏನೋ ಮಾಡಿಕೊಂಡು ಓಡಿಬಂದವಳೇ ಇರಬೇಕೆಂದು ನನಗೆ ಮೊದಲಿನಿಂದಲೂ ಗುಮಾನಿ.

ಒಂದು ಮುಂಜಾನೆ ಅವಳಿಗೆ ತಂತಿ ಬಂತು. ಓದಿದಳು. "ಅಪ್ಪ ಹೋದ್ರು" ಎಂದಷ್ಟೇ ಹೇಳಿ, ಕಾಗದ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೊರಟುಹೋದಳು!

ನಮ್ಮಲ್ಲಿ ಹೆಣ್ಣುಮಕ್ಕಳು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ, ಓಣಿಗೆಲ್ಲ ಕೇಳಬೇಕು. ಕೆಲವೇ ದಿನಗಳ ಹಿಂದೆ ವಾರಪತ್ರಿಕೆಯಲ್ಲಿ ಒಂದು ಕಥೆ ಓದಿದ್ದೆ. ಪರದೇಶದಲ್ಲಿರುವ ಹುಡುಗಿ ಅಪ್ಪ ಸತ್ತ ಸುದ್ದಿ ಓದಿ, ಸುಮ್ಮನೆ ಎದ್ದು ಕಪ್ಪು-ಬಸಿ ತೊಳೆಯುತ್ತಾಳೆ. ಬರೆದವನಿಗೆ ಅಪ್ಪ ಅವ್ವ ಇಲ್ಲವೇನು ಎಂದು ಪತ್ರಿಕೆಯನ್ನು ಮೂಲೆಗೆ ಎಸೆದಿದ್ದೆ. ಈಗ ನೋಡಿದರೆ ಅಂಥವಳೇ ನಮ್ಮ ಮನೆಯಲ್ಲಿ.

"ಸತ್ತಾವ ಅಪ್ಪ ಅಲ್ಲ ತಗೋ, ಗಂಡ ಇರಬೇಕು. ಬಿಟ್ಟು ಬಂದಾಕಿ ಹೆಂಗ ಅಳ್ತಾಳ?" ಎಂದು ಪಕ್ಕದ ಮನೆಯ ಶಿವಮ್ಮ ಕಿವಿ ಊದಿದಳು. ನನಗೂ ಹೌದೆನ್ನಿಸಿತು. ಕೋಣೆ ಖಾಲಿ ಮಾಡಿಸುವುದೇ ಸರಿ ಎಂದು ನಿಶ್ಚಯಿಸಿದೆ.

ಮೂರನೇ ದಿನ ಮಧ್ಯಾಹ್ನ ಅವಳ ಬಾಗಿಲಿಗೆ ಹೋದೆ. ಬಿಳಿ ಸೀರೆ ಮಡಚುತ್ತಿದ್ದಳು.

"ಖರೇ ಹೇಳ್ರಿ ಸಿಸ್ಟರ್. ಅಪ್ಪ ಸತ್ರ ಊರಿಗಿ ಯಾಕ ಹೋಗ್ಲಿಲ್ಲ?"

"ರೈಲಿನಾಗ ಎರಡು ದಿನ ಆಗ್ತದ ಅಕ್ಕಾ. ಅಷ್ಟರಾಗ ಮಣ್ಣು ಮಾಡಿರ್ತಾರ."

"ಅಳಾಕೇನು ರೈಲು ಬೇಕೇನ್ರಿ?"

ಅವಳು ಸೀರೆಯಿಂದ ಕಣ್ಣೆತ್ತಲಿಲ್ಲ. "ಅಪ್ಪ ಹೆಂಗಿದ್ರು ಅಂತ ಇಲ್ಲಿ ಯಾರಿಗಿ ಗೊತ್ತದ? ಯಾರ ಮುಂದ ಅಳ್ಲಿ?"

ನಾನು ನಂಬಲಿಲ್ಲ. ಪೊಲೀಸರ ಹಾಗೆ ಕೇಳಿದೆ, "ನಿಮ್ಮಪ್ಪ ಏನು ಮಾಡ್ತಿದ್ರು?"

"ದೋಣಿ ನಡಸ್ತಿದ್ರು. ನಾನು ಸಾಲಿಗೆ ಹೋಗ್ತಿದ್ದದ್ದು ಅದ್ರಾಗೇ."

ಪರೀಕ್ಷೆ ಮಾಡಿಯೇ ಬಿಡೋಣ ಎನ್ನಿಸಿತು. ಹೆತ್ತ ಅಪ್ಪನೇ ಆಗಿದ್ದರೆ ಮಗಳಾದವಳು ತಡೆದುಕೊಳ್ಳುವುದಿಲ್ಲ. ಹೊಸ್ತಿಲ ಹೊರಗೆ ಕೂತು ದನಿ ತೆಗೆದೆ:

"ಹರಗೋಲ ಬಿಟ್ಟು ಎಲ್ಲಿ ಹೋದ್ಯೋ ನಮ್ಮಪ್ಪಾ... ಮಗಳನ್ನ ದಂಡಿ ಮ್ಯಾಗ ನಿಲ್ಲಿಸಿ ಹೋದ್ಯಲ್ಲೋ ಯಪ್ಪಾ..."

ನಾನು ಕಂಡದ್ದು ಕೃಷ್ಣೆಯ ಮೇಲಿನ ದುಂಡನೆಯ ಹರಗೋಲು ಮಾತ್ರ. ಏಲಿಯಮ್ಮ ಗಾಬರಿಯಿಂದ ನೋಡಿದಳು. "ಹರಗೋಲ ಅಲ್ಲ ಅಕ್ಕಾ... ಉದ್ದನ್ನ ದೋಣಿ..." ಎಂದು ತಿದ್ದಲು ಹೋದವಳು ಅಲ್ಲೇ ಕುಸಿದಳು. ನನ್ನ ತೊಡೆಯ ಮೇಲೆ ಬಿದ್ದು ತನ್ನ ಭಾಷೆಯಲ್ಲಿ ಏನೇನೋ ಹೇಳಿಕೊಂಡು ಅತ್ತಳು. ನನಗೆ ತಿಳಿದದ್ದು "ಅಪ್ಪಚ್ಚಾ" ಎಂಬುದೊಂದೇ. ಆಮೇಲೆ ನನ್ನ ಅಳುವೂ ನಿಲ್ಲಲಿಲ್ಲ. ಶಿವಮ್ಮ ಓಡಿಬಂದಳು. ನೋಡಿ, ತಾನೂ ಸೆರಗು ಬಾಯಿಗಿಟ್ಟುಕೊಂಡಳು.

ಮರುವರ್ಷ ಏಲಿಯಮ್ಮನಿಗೆ ಮಾನ್ವಿಗೆ ವರ್ಗವಾಯಿತು. ಹೋಗುವಾಗ ನನ್ನ ಕೈ ಹಿಡಿದು, "ಈ ಊರಾಗ ನಮ್ಮಪ್ಪಗ ಅತ್ತವ್ರು ನೀವೊಬ್ಬರೇ ಅಕ್ಕಾ" ಎಂದಳು. ನಾನು ತಲೆಯಾಡಿಸಿದೆ. ಅವಳ ಸುಳ್ಳು ಹಿಡಿಯಲೆಂದು ಅಳಲು ಕೂತಿದ್ದೆನೆಂದು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಅದನ್ನು ಯಾರಿಗೂ ಹೇಳಿಲ್ಲ.