ಬೆರಳು ತೋರಿಸದ ಮಾಸ್ತರು
ಕುಮಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಹೊನ್ನಪ್ಪ ಹರಿಕಂತ್ರ ಮಾಸ್ತರು ಪುರಾವೆಯಿಲ್ಲದೆ ಯಾವುದನ್ನೂ ‘ಇದೇ’ ಎಂದವರಲ್ಲ. ಸ್ಟಾಫ್ ರೂಮಿನಲ್ಲಿ ಕಪ್ಪು ಕೊಡೆಗಳು ಸಾಲಾಗಿ ತೂಗುತ್ತಿದ್ದರೆ, ತನ್ನದು ಯಾವುದೆಂದು ಖಾತ್ರಿಯಾಗದೆ, ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಹೋಗುವ ಆಸಾಮಿ. ಬೇರೆ ಗ್ಯಾಲಕ್ಸಿಗಳಲ್ಲಿ ಸೂರ್ಯನ ಒಟ್ಟು ಬೆಳಕಿಗಿಂತಲೂ ಲಕ್ಷಾಂತರ ಪಟ್ಟು ಪ್ರಖರವಾಗಿ ಎಕ್ಸ್‌ರೇ ಸೂಸುವ ಕಾಯಗಳಿವೆಯೆಂದು ಎಂಬತ್ತೆರಡನೇ ಇಸವಿಯಲ್ಲಿ ಪತ್ರಿಕೆಯೊಂದರಲ್ಲಿ ಓದಿದಂದಿನಿಂದ ಅವರಿಗೆ ಅದೇ ಗುಂಗು. ಎಕ್ಸ್‌ರೇ ಕಣ್ಣಿಗೆ ಕಾಣದು. ಕಾಣುವ ಬೆಳಕೂ ಒಂದಿಷ್ಟು ಅಲ್ಲಿಂದ ಬರುತ್ತಿರಬೇಕು, ಆದರೆ ದೂರದರ್ಶಕದಲ್ಲಿ ತೆಗೆದ ಫೋಟೋ ನೋಡಿದರೆ ಎಕ್ಸ್‌ರೇ ಬರುವ ಆ ಜಾಗದ ತುಂಬ ಮಂಕು ಚುಕ್ಕೆಗಳು, ಅದು ಯಾವುದೆಂದು ತಿಳಿಯದು. “ಇದೇ ಇರ್ಬೌದಾ ಸರ್?” ಎಂದು ಹುಡುಗರು ಒಂದನ್ನು ಮುಟ್ಟಿದರೆ ಸಾಕು, “ಇದೇ ಅಂತ ಹೇಳೂಕೆ ಪುರಾವೆ ಎಂತದು? ಬೆರಳು ತೆಗಿ!” ಎಂದು ಗದರುತ್ತಾರೆ. ಅಂಥವರು ಸಂಜೆ ಕಡಲದಂಡೆಯಲ್ಲಿ, ಮರೆವು ಹತ್ತಿದ ತಾಯಿಯ ಪಕ್ಕ ಕೂರುತ್ತಾರೆ. ದೂರದಲ್ಲಿ ದೋಣಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. “ನಮ್ಮ ತಿಮ್ಮನ ದೋಣಿ ಯಾವ್ದೋ ತಮಾ?” ಎಂದು ಆಯಿ ದಿನವೂ ಕೇಳುತ್ತಾಳೆ. ತಿಮ್ಮ ದೋಣಿಸಮೇತ ಮುಳುಗಿ ವರ್ಷಗಳಾದವು. ತಮ್ಮನ ಹೆಣವನ್ನು ನೀರಿನಿಂದ ದಡಕ್ಕೆ ಎಳೆದುತಂದವರು ಮಾಸ್ತರೇ. ಅವರು ಬೆರಳೆತ್ತಿ ಯಾವುದೋ ಒಂದು ದೀಪವನ್ನು ತೋರಿಸುತ್ತಾರೆ: “ಅದೇ ಆಯಿ, ಅದೇ ನಮ್ದು.”