ಮುನ್ನೂರು ರೊಟ್ಟಿಯ ಪಾಠ

ಶಹಾಪುರದ ಕಾಲೇಜೊಂದರಲ್ಲಿ ಅಖ್ತರಬೇಗಂ ಮೇಡಂ ಬಿ.ಕಾಂ. ಮಕ್ಕಳಿಗೆ ಕಲಿಸುತ್ತಿದ್ದ ವಿಷಯ ಪೂರೈಕೆ ಸರಪಳಿ ನಿರ್ವಹಣೆ, ಅಂದರೆ ಸರಕು ಕೈಯಿಂದ ಕೈಗೆ ದಾಟಿ ಬರುವ ಲೆಕ್ಕಾಚಾರ. ಹೆಸರು ಕೇಳಿದೊಡನೆ ಅರ್ಧ ತರಗತಿ ಆಕಳಿಸುತ್ತಿತ್ತು.

"ಹುಡುಗ್ರು ಏನ್ ಕಲತಾರ ತೋರಿಸ್ರಿ. ಇಲ್ಲಂದ್ರ ಮುಂದಿನ ವರ್ಷ ಈ ಪೇಪರ್ ಬಂದ್" ಎಂದು ಪ್ರಾಂಶುಪಾಲ ಈಶಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿಯೇ ಉಳಿದಿದ್ದ ಮೇಡಂಗೆ ಪೇಪರ್ ಬಂದ್ ಎಂದರೆ ನೌಕರಿಯೂ ಬಂದ್.

ಪಾಲಕರ ಸಭೆಯ ಊಟಕ್ಕೆ ಖಡಕ್ ರೊಟ್ಟಿ ತರಿಸುವ ಹೊಣೆಯನ್ನು, ಪಾಠ ಕೈಯಾರೆ ಕಲಿಯಲಿ ಎಂದು, ಮೇಡಂ ಮಕ್ಕಳಿಗೇ ವಹಿಸಿದರು. ಲೆಕ್ಕ ಬರೆದುಕೊಂಡವನು ಗುರಣ್ಣ. ಅದನ್ನು ಕಕ್ಕೇರಾದಲ್ಲಿ ರೊಟ್ಟಿ ಮಾಡುವ ರೇಣಮ್ಮನಿಗೆ ಮುಟ್ಟಿಸಿದವಳು ಅದೇ ಊರಿನ ಶಿವಬಸಮ್ಮ. ಸಭೆಯ ದಿನ ಕಕ್ಕೇರಾ ಬಸ್ಸಿನಿಂದ ಇಳಿದವು ಮುನ್ನೂರು ರೊಟ್ಟಿ. ಪಾಲಕರು ತಿಂದದ್ದು ನೂರು.

ಉಳಿದ ರಾಶಿಯನ್ನು ತರಗತಿಯ ಬಾಗಿಲಿಗೆ ಹೊರಿಸಿಕೊಂಡು ಈಶಪ್ಪನವರೇ ಬಂದರು. "ಇದೇನ್ರಿ ಮೇಡಂ, ಇದಾ ನಿಮ್ಮ ನಿರ್ವಹಣಾ?"

ಮೇಡಂ ಚಾಕ್‌ಪೀಸ್ ಹಿಡಿದು ಬೋರ್ಡಿನತ್ತ ತಿರುಗಿದರು. "ಯಾರೂ ಅಂಜಬ್ಯಾಡ್ರಿ. ನಿಮಗ ಎಷ್ಟು ಹೇಳಿದ್ರು, ನೀವು ಎಷ್ಟು ಹೇಳಿದ್ರಿ, ಅಷ್ಟ ಹೇಳ್ರಿ."

"ಗುರಣ್ಣ ಇನ್ನೂರು ಅಂದಾನ್ರಿ" ಎಂದಳು ಶಿವಬಸಮ್ಮ. "ಊಟಕ್ಕ ಕಡಿಮಿ ಬಿದ್ರ ಮರ್ಯಾದಿ ಹೋಗ್ತದಂತ ನಾ ಐವತ್ತು ಹೆಚ್ಚಿಗಿ ಹೇಳೇನಿ. ಬಸ್ಸಿನ್ಯಾಗ ಮುರೀತಾವಂತ ರೇಣಮ್ಮತ್ತಿ ಮತ್ತ ಐವತ್ತು ಹಾಕ್ಯಾಳ."

ಮೇಡಂ ಇಬ್ಬರ ಹೆಸರನ್ನೂ ಲೆಕ್ಕದ ಸಮೇತ ಬೋರ್ಡಿನ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆಯುತ್ತ ಹೋದರು. ಗುರಣ್ಣ ತಲೆ ಕೆರೆದುಕೊಂಡ. "ನನಗ ಮೇಡಂ ಹೇಳಿದ್ದು ನೂರಾ ಐವತ್ತು. ನಾನೂ ಐವತ್ತು ಏರಿಸೇನ್ರಿ. ನಮ್ಮ ಕಾಲುವಿಗೂ ಇದ ರೋಗ. ಮ್ಯಾಲಿನವ್ರು ಒಬ್ಬೊಬ್ಬರೂ ಗೇಟು ಒಂಚೂರು ಹೆಚ್ಚಿಗಿ ಎತ್ತತಾರ, ಕಡೀಗಿರೋ ನಮ್ಮ ಹೊಲಕ್ಕ ನೀರ ಬರಂಗಿಲ್ಲ."

ಒಬ್ಬೊಬ್ಬರೂ ಚೂರು ಹೆಚ್ಚಿಸಿದರೆ ಇಡೀ ಸರಪಳಿಯೇ ಕೆಡುತ್ತದೆ ಎಂದು ಮೇಡಂ ಪುಸ್ತಕದಿಂದ ಮೂರು ತಿಂಗಳು ಒದರಿದ್ದನ್ನು ಹುಡುಗ ಒಂದೇ ಉಸಿರಿಗೆ ಹೇಳಿದ್ದ. ಅವರಿಗೆ ಹಿಗ್ಗೋ ಹಿಗ್ಗು. ಆದರೆ ಬೋರ್ಡಿನ ಮೇಲೆ ಮುಂದಿನ ಹೆಸರು ಅವರದೇ. ನೌಕರಿ ಕೊಡುವವರು ಬಾಗಿಲಲ್ಲೇ ನಿಂತಿದ್ದರು. ಆದರೂ ಮೇಡಂ ಬರೆದರು.

"ನನಗ ಹೇಳಿದ್ದು ನೂರಾ ಇಪ್ಪತ್ತು. ಮೂವತ್ತು ಹೆಚ್ಚಿಗಿ ಹೇಳಿದಾಕಿ ನಾನ."

ಹೇಳಿದವರಾರು ಎಂದು ಯಾರೂ ಕೇಳಲಿಲ್ಲ. ಇಡೀ ತರಗತಿ ಮೆಲ್ಲಗೆ ಬಾಗಿಲ ಕಡೆ ತಿರುಗಿತು. ಈಶಪ್ಪನವರು ಕೆಮ್ಮಿದರು, ಕನ್ನಡಕ ಒರೆಸಿಕೊಂಡರು, ಕೊನೆಗೆ ಒಳಗೆ ಬಂದು ಚಾಕ್‌ಪೀಸ್ ಇಸಿದುಕೊಂಡರು.

"ಪಾಲಕರು ಐವತ್ತು ಮಂದಿ, ತಲಿಗೆ ಎರಡು. ಬೇಕಾಗಿದ್ದು ನೂರ" ಎನ್ನುತ್ತ ತಮ್ಮ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದರು. "ಮೇಡಂ, ಮುಂದಿನ ವರ್ಷದ ಪಟ್ಟಿಯೊಳಗ ಈ ಪೇಪರ್ ಹಾಕ್ರಿ. ಮತ್ತ ನನಗ ಇಪ್ಪತ್ತು ರೊಟ್ಟಿ ಕಟ್ರಿ, ಅವು ನನ್ನ ಪಾಲಿನವು."

ಅಂದು ಎಲ್ಲರೂ ತಾವು ಏರಿಸಿದಷ್ಟು ರೊಟ್ಟಿಯನ್ನು ತಾವೇ ಹೊತ್ತುಕೊಂಡು ಹೋದರು; ರೇಣಮ್ಮನ ಐವತ್ತು ಶಿವಬಸಮ್ಮನ ಜೊತೆ ಕಕ್ಕೇರಾಕ್ಕೇ ಮರಳಿದವು. ಅಖ್ತರಬೇಗಂ ಮನೆಯಲ್ಲಿ ಮುಂದಿನ ವಾರವೆಲ್ಲ ಮೂರು ಹೊತ್ತೂ ರೊಟ್ಟಿ. ಅಷ್ಟು ರುಚಿಯಾದ ರೊಟ್ಟಿಯನ್ನು ಅವರು ಜನ್ಮದಲ್ಲೇ ತಿಂದಿರಲಿಲ್ಲ.